ಧಾರವಾಡದ ನಾಟಕಗೃಹ ಮತ್ತು ಟಾಕೀಜುಗಳ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಪ್ರಶ್ನೆಗಳು ಮುಖ್ಯವಾಗಿ 1930ರಿಂದ 1970ರವರೆಗಿನ ಧಾರವಾಡಕ್ಕೆ ಸಂಬಂಧಿಸಿವೆ. ಹುಬ್ಬಳ್ಳಿ, ಗದಗ ಮತ್ತು ಹಾವೇರಿಗಳನ್ನು ಬಿಟ್ಟು ಈ ಊರಿನ ರಂಗದ ಕಥೆಯನ್ನು ಹೇಳಲಾಗದು; ಗದಗ ಮತ್ತು ಹಾವೇರಿಗಳು 1997ರವರೆಗೆ ಧಾರವಾಡ ಜಿಲ್ಲೆಯ ಭಾಗಗಳೇ ಆಗಿದ್ದವು. ಆದ್ದರಿಂದ ಅಗತ್ಯವಿದ್ದಲ್ಲಿ ಆ ಊರುಗಳ ವಿಷಯವೂ ಬರುತ್ತದೆ.

ಧಾರವಾಡವು ಕಾಲೇಜುಗಳ ಊರಾದದ್ದು ಯಾವಾಗ? ಅದಕ್ಕೂ ರಂಗಭೂಮಿಗೂ ಏನು ಸಂಬಂಧ?

ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಯಿತು. ಮುಂದೆ ಅದು ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿಯಾಗಿದ್ದ ಕಲ್ಲಿನ ಕಟ್ಟಡದಲ್ಲಿ ನೆಲೆಗೊಂಡಿತು. ಅದಕ್ಕೆ ಮೊದಲು ಈ ಭಾಗದ ಹುಡುಗರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗುತ್ತಿದ್ದರು. ಹಾಗೆ ಹೋದವರು ಅಲ್ಲಿ ಮರಾಠಿ ಸಂಗೀತ ನಾಟಕಗಳನ್ನು ಕಂಡು, ಅದೇ ರುಚಿಯನ್ನು ಹೊತ್ತು ಊರಿಗೆ ಮರಳುತ್ತಿದ್ದರು. 1947ರಲ್ಲಿ ಕೃಷಿ ಕಾಲೇಜು ಬಂದಿತು. 1949ರ ಕಾಯ್ದೆಯಂತೆ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯವು ಮುಂಬಯಿಯಿಂದ ಧಾರವಾಡಕ್ಕೆ ಬಂದು ನೆಲೆಯೂರಿತು. 1950ರ ಜನವರಿ 8ರಂದು ಆಕಾಶವಾಣಿ ಕೇಂದ್ರವೂ ಇಲ್ಲಿ ಆರಂಭವಾಯಿತು.

ಇದರ ಪರಿಣಾಮವನ್ನು ಪ್ರೇಕ್ಷಕರ ಕಡೆಯಿಂದ ನೋಡಬೇಕು. ವ್ಯಾಪಾರದ ಊರಿನಲ್ಲಿ ನಾಟಕದ ಹಂಗಾಮು ಸುಗ್ಗಿ ಮತ್ತು ಜಾತ್ರೆಗಳ ಮೇಲೆ ನಿಂತಿರುತ್ತದೆ. ಕಾಲೇಜಿನ ಊರಿನಲ್ಲಿ ಅದರ ಜೊತೆಗೆ ಪರೀಕ್ಷೆಯ ಲೆಕ್ಕವೂ ಸೇರಿಕೊಳ್ಳುತ್ತದೆ. ಗ್ಯಾದರಿಂಗಿನ, ಅಂದರೆ ಕಾಲೇಜಿನ ವಾರ್ಷಿಕ ಸಮ್ಮೇಳನದ, ದಿನಗಳಲ್ಲಿ ತುಂಬಿ ತುಳುಕುವ ಸಭಾಗೃಹ ಪರೀಕ್ಷೆ ಹತ್ತಿರವಾದಂತೆ ಬರಿದಾಗುತ್ತದೆ, ಬೇಸಿಗೆಯ ರಜೆಗೆ ಹುಡುಗರು ಊರಿಗೆ ಹೋದ ಮೇಲೆ ಟಾಕೀಜಿನವರೂ ಗಿರಾಕಿಗಳ ದಾರಿ ಕಾಯಬೇಕಾಗುತ್ತದೆ.

ಈ ಭಾಗದಲ್ಲಿ ಕನ್ನಡ ನಾಟಕ ಮೊದಲು ಶುರುವಾದದ್ದು ಧಾರವಾಡದಲ್ಲಿಯೇ?

ಅಲ್ಲ, ಆ ಹಿರಿಮೆ ಗದಗಿಗೆ ಸಲ್ಲಬೇಕು. ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಕನ್ನಡ ನಾಟಕಗಳನ್ನು ಆಡಿಸಿದರು. ಆಗ ಈ ಸೀಮೆಯ ಊರುಗಳಲ್ಲಿ ಮರಾಠಿ ಮಂಡಳಿಗಳದೇ ದರ್ಬಾರು. ಶಾಲೆ, ಕಚೇರಿಗಳಲ್ಲಿಯೂ ಮರಾಠಿಯ ಪ್ರಭಾವವಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ಶಾಲಾ ಮಾಸ್ತರರು ಕನ್ನಡದ ಮಾತು ರಂಗದ ಮೇಲೆ ನಿಲ್ಲಬಲ್ಲದು ಎಂದು ತೋರಿಸಿದ್ದು ಸಣ್ಣ ಕೆಲಸವಲ್ಲ. ಮರಾಠಿ ನಾಟಕದ ಆರಂಭವೆಂದು ಹೇಳಲಾಗುವ 1843ರ ಸಾಂಗಲಿಯ ಪ್ರಯೋಗಕ್ಕೆ ಕನ್ನಡ ಕರಾವಳಿಯ ಭಾಗವತರ ಆಟವೇ ಪ್ರೇರಣೆ ಎಂಬುದನ್ನು ನೆನೆದರೆ, ಕೊಟ್ಟ ಸಾಲವೇ ಬಡ್ಡಿ ಸಹಿತ ಮರಳಿ ಬಂದಿತೆನ್ನಬಹುದು.

ಗದಗಿನ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾಗದು. ವಕೀಲರಾಗಿದ್ದ ಹುಯಿಲಗೋಳ ನಾರಾಯಣರಾಯರು ಬರೆದ ನಾಟಕಗಳನ್ನು ಆಡಿದ್ದು ಅಲ್ಲಿಯ ಒಂದು ಫುಟ್‌ಬಾಲ್ ಕ್ಲಬ್ಬಿನ ಹುಡುಗರು. ಧಾರವಾಡದಲ್ಲಿ ಮುದವೀಡು ಕೃಷ್ಣರಾಯರು ಭಾರತ ಕಲೋತ್ತೇಜಕ ಸಂಗೀತ ಸಮಾಜದ ಮೂಲಕ ಇಂಥದೇ ಕೆಲಸವನ್ನು 20ನೆಯ ಶತಮಾನದ ಆರಂಭದಲ್ಲಿ ಮಾಡಿದರು. ಹವ್ಯಾಸಿ ರಂಗಭೂಮಿ ಇಲ್ಲಿ ಕಾಲೇಜಿಗಿಂತ ಹಳೆಯದು.

ಕಂಪನಿ ನಾಟಕಗಳು ಎಲ್ಲಿ ನಡೆಯುತ್ತಿದ್ದವು? ಪಕ್ಕಾ ನಾಟಕಗೃಹಗಳಿರಲಿಲ್ಲವೇ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಒಂದು ಕಟ್ಟಡದ ಹೆಸರನ್ನು ನಿರೀಕ್ಷಿಸುತ್ತಾರೆ. ಆದರೆ ಕಂಪನಿಯ ಥೇಟರು ಬಹುಮಟ್ಟಿಗೆ ಕಂಪನಿಯ ಜೊತೆಯಲ್ಲಿಯೇ ಬರುತ್ತಿತ್ತು. ಒಂದು ಕ್ಯಾಂಪು ಎಂದರೆ ಬಯಲಿನಲ್ಲಿ ಕಂಬ ನೆಟ್ಟು, ಸುತ್ತಲೂ ಮತ್ತು ಮೇಲೆ ತಗಡು ಹೊದಿಸಿ, ಒಂದು ತುದಿಗೆ ಹಲಗೆಯ ರಂಗ ಕಟ್ಟಿ, ಅದರ ಹಿಂದೆ ಬಣ್ಣದ ಕೋಣೆಯನ್ನೂ ಕಲಾವಿದರ ಬಿಡಾರವನ್ನೂ ಹಾಕುವುದು. ಗಳಿಕೆ ಇರುವವರೆಗೆ ಅಲ್ಲಿ ಠಿಕಾಣಿ. ಗಳಿಕೆ ಇಳಿದರೆ ಕಂಬ, ತಗಡು, ಪರದೆ, ಪೆಟ್ಟಿಗೆ ಎಲ್ಲವೂ ಮುಂದಿನ ಊರಿಗೆ. ಹುಬ್ಬಳ್ಳಿಯ ಸಿದ್ಧಾರೂಢ ಮಠ, ಗದಗಿನ ತೋಂಟದಾರ್ಯ ಮಠ, ಧಾರವಾಡದ ಮುರುಘಾಮಠ ಮೊದಲಾದವುಗಳ ಜಾತ್ರೆಗಳು ಕ್ಯಾಂಪು ಹಾಕಲು ಹೇಳಿ ಮಾಡಿಸಿದ ಸಂದರ್ಭಗಳು.

ತಗಡಿನ ಥೇಟರಿನ ಒಳಗನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ರಂಗದ ಮುಂದೆ ಕಾಲಪೆಟ್ಟಿಗೆಯ ಹಾರ್ಮೋನಿಯಂ, ಅದರ ಬದಿಗೆ ತಬಲಾ. ಪೇಟಿ ಮಾಸ್ತರರು ರಂಗಕ್ಕೆ ಮುಖ ಮಾಡಿ ಕೂಡುತ್ತಿದ್ದುದರಿಂದ ನಟನ ಉಸಿರಿನ ಸುಳಿವು ಹಿಡಿದು ಸ್ವರ ಕೊಡಬಲ್ಲವರಾಗಿದ್ದರು. ಧ್ವನಿವರ್ಧಕ ಬರುವ ಮೊದಲು ಕೊನೆಯ ಸಾಲಿಗೆ ಮಾತು ಮುಟ್ಟಿಸುವುದು ನಟನ ಎದೆಯ ಬಲಕ್ಕೆ ಬಿಟ್ಟ ವಿಷಯ. ನಡುವೆ ಮಳೆ ಬಂದರೆ ತಗಡಿನ ಸದ್ದಿನ ಮುಂದೆ ಯಾವ ಎದೆಯ ಬಲವೂ ಸಾಲದು. ಆದ್ದರಿಂದ ಮಳೆಗಾಲದ ಕ್ಯಾಂಪಿಗೆ ಊರು ಹುಡುಕುವುದು ಮಾಲಕರ ದೊಡ್ಡ ಚಿಂತೆಯಾಗಿತ್ತು.

ಈ ಸೀಮೆಯಲ್ಲಿ ಹೀಗೆ ಸಂಚರಿಸಿದ ತಂಡಗಳಲ್ಲಿ ಅಭಿನಯ ಕೇಸರಿ ಗರುಡ ಸದಾಶಿವರಾಯರ ಗದಗಿನ ದತ್ತಾತ್ರೇಯ ನಾಟಕ ಮಂಡಳಿ, ಕೊಣ್ಣೂರ ಕಂಪನಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ, ಮುಂದೆ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ಮುಖ್ಯವಾದವು. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ಹಾಡಿದ್ದು ವಾಮನರಾವ್ ಮಾಸ್ತರರ ಕಂಪನಿಯಲ್ಲಿಯೇ. ಗದಗಿನ ವೀರೇಶ್ವರ ಪುಣ್ಯಾಶ್ರಮವೂ ಪಂಚಾಕ್ಷರಿ ಗವಾಯಿಗಳ ಹೆಸರಿನ ನಾಟಕ ಸಂಘವನ್ನು ನಡೆಸಿತು. ಅದರ ಗಳಿಕೆ ಅಂಧ ಮಕ್ಕಳ ಅನ್ನ ಮತ್ತು ಸಂಗೀತ ಶಿಕ್ಷಣಕ್ಕೆ ಒದಗಿತು.

ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರೇ?

ಬಹುಕಾಲ ಹಾಗೆಯೇ ಇತ್ತು. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದರು. ಏಣಗಿ ಬಾಳಪ್ಪನವರೂ ತಾರುಣ್ಯದಲ್ಲಿ ಸೀರೆಯುಟ್ಟು ರಂಗಕ್ಕೆ ಬಂದವರೇ. ಕಂಪನಿಗಳಲ್ಲಿ ನಟಿಯರು ಬಂದ ಮೇಲೆಯೂ ಕಾಲೇಜಿನ ನಾಟಕಗಳಲ್ಲಿ ಹುಡುಗರೇ ನಾಯಕಿಯರಾಗುವ ಪದ್ಧತಿ ಕೆಲಕಾಲ ಉಳಿಯಿತು. ಕಲಿತವರ ರಂಗವು ಈ ಒಂದು ವಿಷಯದಲ್ಲಿ ಕಂಪನಿಯವರಿಗಿಂತ ಹಿಂದೆ ಬಿದ್ದಿತ್ತು.

ಕಾಲೇಜಿನ ನಾಟಕಗಳು ಕಂಪನಿ ನಾಟಕಗಳಿಗಿಂತ ಹೇಗೆ ಭಿನ್ನವಾಗಿದ್ದವು?

ಈ ಭಿನ್ನತೆಯ ಕೇಂದ್ರದಲ್ಲಿ ಶ್ರೀರಂಗರಿದ್ದಾರೆ. ಆದ್ಯ ರಂಗಾಚಾರ್ಯರು (1904–1984) ಪುಣೆ ಮತ್ತು ಲಂಡನ್ನುಗಳಲ್ಲಿ ಓದಿ ಬಂದು ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು. ತರಗತಿಯಲ್ಲಿ ಸಂಸ್ಕೃತ ನಾಟಕವನ್ನು ಪಾಠ ಹೇಳುವವರೇ ಸಂಜೆ ವಕೀಲರು, ಗುಮಾಸ್ತರು, ಮಠ, ಮದುವೆ, ಜಾತಿಗಳ ಕುರಿತು ಚುರುಕು ಸಂಭಾಷಣೆ ಬರೆದು ವಿದ್ಯಾರ್ಥಿಗಳ ಕೈಗೆ ಕೊಡುತ್ತಿದ್ದರು. ಕಂಪನಿಯ ನಾಟಕ ರಾತ್ರಿ ಊಟದ ಮೇಲೆ ಶುರುವಾಗಿ ನಸುಕಿನವರೆಗೆ ಎಳೆಯುತ್ತಿದ್ದರೆ, ಇವರ ಏಕಾಂಕಗಳು ಒಂದು ಗಂಟೆಯೊಳಗೆ ಮುಗಿಯುತ್ತಿದ್ದವು; ಹಾಡು ಇಲ್ಲ, ಅರಮನೆಯ ಪರದೆ ಇಲ್ಲ, ಎರಡು ಖುರ್ಚಿ ಮತ್ತು ಒಂದು ಮೇಜು ಇದ್ದರೆ ರಂಗಸಜ್ಜಿಕೆ ತೀರಿತು.

ಹೀಗೆ ಸಾಮಗ್ರಿ ಕಡಿಮೆಯಾದದ್ದು ತತ್ತ್ವದಿಂದ ಎಷ್ಟೋ, ಅನಿವಾರ್ಯತೆಯಿಂದಲೂ ಅಷ್ಟೇ ಎಂದು ನನ್ನ ಅಭಿಪ್ರಾಯ. ಕಾಲೇಜಿನ ಸಭಾಗೃಹವು ಭಾಷಣಕ್ಕಾಗಿ ಕಟ್ಟಿದ್ದು. ಅಲ್ಲಿ ಪರದೆಯನ್ನು ಮೇಲಕ್ಕೆ ಎಳೆಯುವ ಎತ್ತರವಿಲ್ಲ, ಬದಿಗೆ ಸರಿಸುವ ಜಾಗವೂ ಇಲ್ಲ. ಆ ವೇದಿಕೆಯ ಮೇಲೆ ಹಸ್ತಿನಾವತಿಯನ್ನು ನಿಲ್ಲಿಸುವುದು ಆಗದ ಮಾತು. ಒಂದು ದಿವಾಣಖಾನೆಯನ್ನು ಮಾತ್ರ ನಿಲ್ಲಿಸಬಹುದು. ಆದ್ದರಿಂದ ನಾಟಕವು ದಿವಾಣಖಾನೆಗೆ ಬಂದಿತು, ಅದರೊಂದಿಗೆ ದಿವಾಣಖಾನೆಯ ಮಾತೂ ಬಂದಿತು. ಧಾರವಾಡದ ಆಡುನುಡಿ, ‘ಏನ್ರೀ’, ‘ಹೌದಲ್ರೀ’ಗಳ ಸಮೇತ, ವಿದೂಷಕನ ಬಾಯಿಂದ ನಾಯಕನ ಬಾಯಿಗೆ ಏರಿದ್ದು ಈ ಇಕ್ಕಟ್ಟಾದ ವೇದಿಕೆಗಳ ಮೇಲೆ.

ಸುಭಾಷ್ ರಸ್ತೆಯ ‘ಅಟ್ಟ’ವನ್ನು ರಂಗಭೂಮಿಯ ಇತಿಹಾಸದಲ್ಲಿ ಏಕೆ ಸೇರಿಸುತ್ತಾರೆ? ಅಲ್ಲಿ ನಾಟಕ ನಡೆಯುತ್ತಿತ್ತೇ?

ಅಟ್ಟ ಎಂದರೆ ಮನೋಹರ ಗ್ರಂಥಮಾಲೆಯ ಕಚೇರಿ. ಜಡಭರತರೆಂಬ ಹೆಸರಿನಿಂದ ನಾಟಕ ಬರೆದ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಪ್ರಕಾಶನವು ಚಂದಾದಾರರನ್ನು ಕಟ್ಟಿಕೊಂಡು ಪುಸ್ತಕಗಳನ್ನು ಹೊರತಂದಿತು. ಗದಗ ಸೀಮೆಯಿಂದ ಬಂದ ಕೀರ್ತಿನಾಥ ಕುರ್ತಕೋಟಿಯವರು ಅದರ ಸಾಹಿತ್ಯ ಸಲಹೆಗಾರರಾಗಿದ್ದರು. ಅಲ್ಲಿ ರಂಗವೂ ಇರಲಿಲ್ಲ, ಟಿಕೀಟೂ ಇರಲಿಲ್ಲ. ಹಸ್ತಪ್ರತಿಗಳ ಓದು ಮತ್ತು ಹರಟೆ ಮಾತ್ರ ಇದ್ದವು.

ಆದರೂ ಅದನ್ನು ಬಿಟ್ಟು ಈ ಇತಿಹಾಸ ಬರೆಯಲಾಗದು. 1958ರಲ್ಲಿ ಕರ್ನಾಟಕ ಕಾಲೇಜಿನಿಂದ ಪದವಿ ಪಡೆದ ಗಿರೀಶ ಕಾರ್ನಾಡರು, ಆಕ್ಸ್‌ಫರ್ಡಿಗೆ ಹೋಗುವ ಹೊತ್ತಿನಲ್ಲಿ ಬರೆದ ‘ಯಯಾತಿ’ 1961ರಲ್ಲಿ ಇಲ್ಲಿಂದ ಪ್ರಕಟವಾಯಿತು. ಆಗ ಅವರು ಇಪ್ಪತ್ತಮೂರರ ತರುಣ, ಮೊದಲ ನಾಟಕ. ಅಂಥವರ ಹಸ್ತಪ್ರತಿಯನ್ನು ಪುಸ್ತಕವಾಗಿಸುವ ಪ್ರಕಾಶಕರು ಊರಿನಲ್ಲಿಯೇ ಇದ್ದುದು ಎಷ್ಟು ದೊಡ್ಡ ಅನುಕೂಲವೆಂಬುದು ಬೇರೆ ಊರುಗಳ ನಾಟಕಕಾರರ ಪಾಡನ್ನು ನೋಡಿದರೆ ತಿಳಿಯುತ್ತದೆ. ಕಂಪನಿಯ ನಾಟಕ ಬಹುತೇಕ ಮಾಲಕರ ಪೆಟ್ಟಿಗೆಯೊಳಗಿನ ವಹಿಯಲ್ಲಿಯೇ ಉಳಿಯುತ್ತಿತ್ತು, ಬೇರೆಯವರು ಆಡಿಯಾರು ಎಂಬ ಅಂಜಿಕೆಯಿಂದ ಅದನ್ನು ಅಚ್ಚಿಗೆ ಕೊಡಲು ಹಿಂಜರಿಕೆಯಿತ್ತು. ಅಟ್ಟದ ನಾಟಕ ಯಾರು ಬೇಕಾದರೂ ಆಡಲೆಂದೇ ಅಚ್ಚಾಗುತ್ತಿತ್ತು.

ಆಕಾಶವಾಣಿ ಬಂದ ಮೇಲೆ ನಾಟಕದ ಮೇಲೆ ಏನು ಪರಿಣಾಮವಾಯಿತು?

ಹವ್ಯಾಸಿ ನಟರಿಗೆ ಮೊದಲ ಬಾರಿಗೆ ಸಂಭಾವನೆ ಸಿಕ್ಕಿತು, ಎನ್ಕೆ ಕುಲಕರ್ಣಿಯವರಂಥ ಬರಹಗಾರರಿಗೆ ನಾಟಕ ಬರೆಯುವುದೇ ಕೆಲಸವಾಯಿತು, ಹಳ್ಳಿಯ ಕೇಳುಗರಿಗೆ ಧಾರವಾಡದ ಮಾತು ಮನೆಯಲ್ಲಿಯೇ ಕೇಳಿಸಿತು. ಕೂಗಿ ಮಾತಾಡುವುದನ್ನು ಕಲಿತಿದ್ದ ಕಂಪನಿ ನಟರಿಗೆ ಮೈಕಿನ ಮುಂದೆ ದನಿ ತಗ್ಗಿಸುವುದು ಹೊಸ ವಿದ್ಯೆಯಾಗಿತ್ತು.

ಟಾಕೀಜುಗಳು ಯಾವಾಗ ಬಂದವು? ಆರಂಭದಲ್ಲಿ ಯಾವ ಭಾಷೆಯ ಚಿತ್ರಗಳು ನಡೆಯುತ್ತಿದ್ದವು?

ಭಾರತದಲ್ಲಿ ಮಾತಿನ ಚಿತ್ರ ಬಂದದ್ದು 1931ರಲ್ಲಿ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಆದರೆ ಬೆಂಗಳೂರಿನ ದಿನಾಂಕವನ್ನು ಧಾರವಾಡಕ್ಕೆ ಅನ್ವಯಿಸಲು ಹೋದರೆ ದಾರಿ ತಪ್ಪುತ್ತದೆ. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು, ಚಿತ್ರದ ಡಬ್ಬಿಗಳು ಮುಂಬಯಿ, ಪುಣೆ, ಕೊಲ್ಹಾಪುರಗಳ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದವು. ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಹೋದ ಪ್ರಭಾತ್ ಫಿಲ್ಮ್ ಕಂಪನಿಯ ಮರಾಠಿ ಮತ್ತು ಹಿಂದಿ ಚಿತ್ರಗಳು ಇಲ್ಲಿಯವರಿಗೆ ಮನೆಯ ಚಿತ್ರಗಳಂತಿದ್ದವು. ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರಗಳೇ ತಯಾರಾಗುತ್ತಿದ್ದುದರಿಂದ ಕನ್ನಡ ಚಿತ್ರಗಳನ್ನೇ ನೆಚ್ಚಿ ಟಾಕೀಜು ನಡೆಸುವುದು ಸಾಧ್ಯವೂ ಇರಲಿಲ್ಲ. 1954ರ ‘ಬೇಡರ ಕಣ್ಣಪ್ಪ’ದಂಥ ಚಿತ್ರ ಗೆದ್ದಾಗ ಅದರ ಹಿಂದೆ ಗುಬ್ಬಿ ಕಂಪನಿಯ ನಾಟಕವಿತ್ತು ಎಂಬುದು ಕಂಪನಿ ನಾಟಕ ನೋಡಿ ಬೆಳೆದ ಈ ಊರುಗಳಿಗೆ ಅರ್ಥವಾಗುವ ಮಾತು.

ವಿತರಣೆಯ ಕೇಂದ್ರ ಹುಬ್ಬಳ್ಳಿ. ರೈಲು ಜಂಕ್ಷನ್ನು ಅಲ್ಲಿತ್ತು, ವ್ಯಾಪಾರಸ್ಥರೂ ಅಲ್ಲಿಯೇ ಇದ್ದರು. ಚಿತ್ರೋದ್ಯಮದವರು ಇಂದಿಗೂ ಈ ಪ್ರದೇಶವನ್ನು ‘ಬಾಂಬೆ–ಕರ್ನಾಟಕ’ ಎಂದೇ ಲೆಕ್ಕ ಹಾಕುತ್ತಾರೆ. ರಾಜ್ಯದ ಗಡಿ ಬದಲಾದರೂ ಡಬ್ಬಿಯ ದಾರಿಯ ಹೆಸರು ಬದಲಾಗಲಿಲ್ಲ. ಸುಮಾರು 20 ಕಿಲೋಮೀಟರು ದೂರದ ಹುಬ್ಬಳ್ಳಿಯಲ್ಲಿ ಹೊಸ ಚಿತ್ರವಿದೆ ಎಂದರೆ ಧಾರವಾಡದ ಹುಡುಗರಿಗೆ ಅದು ದೂರವೆನಿಸುತ್ತಿರಲಿಲ್ಲ. ಹುಬ್ಬಳ್ಳಿಗೆ ಥೇಟರುಗಳು, ಧಾರವಾಡಕ್ಕೆ ನಾಟಕಕಾರರು ಎಂಬ ಹಂಚಿಕೆ ಹೀಗೆ ನೆಲೆಗೊಂಡಿತು.

ಹಳೆಯ ಟಾಕೀಜಿನ ಕ್ಯಾಬಿನ್ನಿನಲ್ಲಿ ಚಿತ್ರ ತೋರಿಸುವ ಯಂತ್ರಗಳು ಎರಡೆರಡು ಏಕೆ ಇರುತ್ತಿದ್ದವು?

ಒಂದು ಸಾವಿರ ಅಡಿಯ ರೀಲು ಸುಮಾರು 11 ನಿಮಿಷ ಓಡುತ್ತದೆ. ಎರಡೂವರೆ ತಾಸಿನ ಚಿತ್ರಕ್ಕೆ ಹದಿಮೂರು ಸಾವಿರ ಅಡಿಗೂ ಹೆಚ್ಚು ಫಿಲ್ಮು ಬೇಕು. ಒಂದೇ ಯಂತ್ರವಿದ್ದರೆ ಪ್ರತಿ ರೀಲಿನ ಕೊನೆಗೆ ತೆರೆ ಬೆಳ್ಳಗಾಗುತ್ತಿತ್ತು, ಸಿಳ್ಳೆ ಮತ್ತು ಬೈಗುಳ ಶುರುವಾಗುತ್ತಿದ್ದವು. ಹಳ್ಳಿಗಳ ಟೂರಿಂಗ್ ಟಾಕೀಜುಗಳಲ್ಲಿ ಇದು ನಡೆದದ್ದೇ. ಎರಡು ಯಂತ್ರಗಳಿದ್ದಲ್ಲಿ, ರೀಲಿನ ಕೊನೆಯಲ್ಲಿ ತೆರೆಯ ಬಲ ಮೇಲ್ಮೂಲೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ಒಂದು ಚುಕ್ಕೆ ಕಾಣಿಸುತ್ತಿತ್ತು. ಮೊದಲ ಚುಕ್ಕೆಗೆ ಆಪರೇಟರು ಎರಡನೆಯ ಯಂತ್ರದ ಮೋಟಾರು ಚಾಲೂ ಮಾಡುತ್ತಿದ್ದ, ಕೆಲವು ಸೆಕೆಂಡುಗಳ ನಂತರದ ಎರಡನೆಯ ಚುಕ್ಕೆಗೆ ಬೆಳಕನ್ನೂ ಶಬ್ದವನ್ನೂ ಅದಕ್ಕೆ ಹೊರಳಿಸುತ್ತಿದ್ದ. ಬೆಳಕು ಬರುತ್ತಿದ್ದುದು ಎದುರುಬದುರಾಗಿ ಹಿಡಿದ ಎರಡು ಕಾರ್ಬನ್ ಕಡ್ಡಿಗಳ ನಡುವಿನ ಕಿಡಿಯಿಂದ. ಕಡ್ಡಿ ಉರಿದು ಸವೆದಂತೆ ಅಂತರ ಹೆಚ್ಚಿ ತೆರೆಯ ಮೇಲಿನ ಚಿತ್ರ ಮಂಕಾಗುವುದರಿಂದ, ಅವನು ಆಗಾಗ ಅವುಗಳನ್ನು ಹತ್ತಿರ ತರುತ್ತಿರಬೇಕಿತ್ತು. ನಾಯಕಿ ಅಳುವ ದೃಶ್ಯದಲ್ಲಿ ತೆರೆ ಕೆಂಪಾಗಿ ಮಬ್ಬಾದರೆ ಅದು ನಿರ್ದೇಶಕನ ಜಾಣ್ಮೆಯಲ್ಲ, ಆಪರೇಟರು ಚಹಾ ಕುಡಿಯಲು ಹೋಗಿದ್ದಾನೆ ಎಂದರ್ಥ.

1950ರ ಸುಮಾರಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಬೇಗ ಬೆಂಕಿ ಹಿಡಿಯುವಂಥದು. ಆದ್ದರಿಂದ ಕ್ಯಾಬಿನ್ನು ಬೆಂಕಿಗೆ ಬಗ್ಗದ ಗೋಡೆಗಳದಾಗಿರಬೇಕು, ಕಿಂಡಿಗಳಿಗೆ ತಟ್ಟನೆ ಬೀಳುವ ತಗಡಿನ ಮುಚ್ಚಳವಿರಬೇಕು ಎಂಬ ನಿಯಮಗಳಿದ್ದವು. ಹಳೆಯ ಕಟ್ಟಡವೊಂದು ಟಾಕೀಜಾಗಿತ್ತೇ ಎಂಬುದನ್ನು ಗುರುತಿಸಲು ಇದೇ ಸುಲಭದ ದಾರಿ: ಹಿಂಗೋಡೆಯ ಮೇಲ್ಭಾಗದಲ್ಲಿ ಜೋಡಿ ಜೋಡಿಯಾಗಿ ಚೌಕ ಕಿಂಡಿಗಳಿವೆಯೇ, ಅದಕ್ಕೆ ಹೊರಗಿನಿಂದಲೇ ಪ್ರತ್ಯೇಕ ಮೆಟ್ಟಿಲಿದೆಯೇ ಎಂದು ನೋಡಬೇಕು.

ಪರವಾನಗಿ ಮತ್ತು ತೆರಿಗೆಯ ವ್ಯವಸ್ಥೆ ಹೇಗಿತ್ತು?

ನಾಟಕಕ್ಕೆ 1876ರ ನಾಟಕ ಪ್ರದರ್ಶನ ಕಾಯ್ದೆಯ ನೆರಳು ಇದ್ದೇ ಇತ್ತು; ಆಳುವವರಿಗೆ ಹಿಡಿಸದ ಪ್ರಯೋಗವನ್ನು ನಿಲ್ಲಿಸುವ ಅಧಿಕಾರವನ್ನು ಅದು ಕೊಟ್ಟಿತ್ತು. ಸಿನೆಮಾಕ್ಕೆ 1918ರ ಕಾಯ್ದೆ, ಆಮೇಲೆ 1952ರ ಕೇಂದ್ರ ಕಾಯ್ದೆ, 1953ರ ಮುಂಬಯಿ ಸಿನೆಮಾ ನಿಯಂತ್ರಣ ಕಾಯ್ದೆ ಬಂದವು. 1923ರ ಮುಂಬಯಿ ಮನರಂಜನಾ ಶುಲ್ಕ ಕಾಯ್ದೆಯಂತೆ ಟಿಕೀಟಿನ ಮೇಲೆ ಶುಲ್ಕದ ಮುದ್ರೆ ಇರಬೇಕಾಗಿತ್ತು. ಗಳಿಕೆಯೆಲ್ಲ ಧರ್ಮಕಾರ್ಯಕ್ಕೆ ಹೋಗುವ ಪ್ರದರ್ಶನಗಳಿಗೆ ವಿನಾಯಿತಿ ಇತ್ತು. ಹಳೆಯ ಹಸ್ತಪತ್ರಿಕೆಗಳಲ್ಲಿ ‘ಸಹಾಯಾರ್ಥ ಪ್ರಯೋಗ’ ಎಂಬ ಮಾತು ಅಷ್ಟು ಸಲ ಕಾಣಿಸಿಕೊಳ್ಳುವುದಕ್ಕೆ ಔದಾರ್ಯದೊಂದಿಗೆ ಈ ವಿನಾಯಿತಿಯೂ ಕಾರಣವಿರಬೇಕು.

1956ರ ಏಕೀಕರಣದಿಂದ ಟಾಕೀಜುಗಳಿಗೆ ಏನು ಬದಲಾಯಿತು?

ಕಾಗದಪತ್ರಗಳ ಮಟ್ಟಿಗೆ ಬಹಳ, ತೆರೆಯ ಮೇಲೆ ನಿಧಾನವಾಗಿ. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; 1958ರಲ್ಲಿ ಮೈಸೂರು ಮನರಂಜನಾ ತೆರಿಗೆ ಕಾಯ್ದೆ, 1964ರಲ್ಲಿ ಮೈಸೂರು ಸಿನೆಮಾ ನಿಯಂತ್ರಣ ಕಾಯ್ದೆ ಬಂದವು. ಮರಾಠಿ ಚಿತ್ರಗಳು ಮರುದಿನವೇ ಗಂಟು ಕಟ್ಟಿಕೊಂಡು ಹೋಗಲಿಲ್ಲ. ಕನ್ನಡ ಚಿತ್ರಗಳ ಸಂಖ್ಯೆ ಏರಿದಂತೆ ಅವು ಹಿಂದೆ ಸರಿದವು, ಹಿಂದಿ ಮಾತ್ರ ಗಟ್ಟಿಯಾಗಿ ಉಳಿಯಿತು.

ಸಿನೆಮಾ ಬಂದು ಕಂಪನಿ ನಾಟಕವನ್ನು ಮುಗಿಸಿತು ಎನ್ನುವುದು ನಿಜವೇ?

ಅರ್ಧ ಮಾತ್ರ ನಿಜ. ಸಿನೆಮಾ ಕಸಿದುಕೊಂಡದ್ದು ಮೊದಲು ಪೌರಾಣಿಕ ನಾಟಕದ ಬೆರಗನ್ನು. ಟ್ರಿಕ್ ಸೀನಿನಲ್ಲಿ ಹನುಮಂತ ಹಾರುವುದನ್ನು ತೆರೆಯ ಮೇಲೆ ಕಂಡ ಮೇಲೆ ಹಗ್ಗ ಕಟ್ಟಿಕೊಂಡು ಹಾರುವ ಹನುಮಂತನಿಗೆ ಮೊದಲಿನ ಬೆಲೆ ಉಳಿಯಲಿಲ್ಲ. ಆದರೆ ಕಂಪನಿಗಳು ಸಾಮಾಜಿಕ ನಾಟಕ, ಹಾಸ್ಯ ಮತ್ತು ಜವಾರಿ ಮಾತಿನ ಕಡೆಗೆ ತಿರುಗಿ ಬದುಕಿದವು, ಇಂದಿಗೂ ಜಾತ್ರೆಗಳಲ್ಲಿ ಕ್ಯಾಂಪು ಹಾಕುತ್ತವೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಳ್ಳಿಯ ಹವ್ಯಾಸಿಗಳೂ ಸುಮ್ಮನೆ ಕೂಡಲಿಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಶೇಷಗಿರಿ ಎಂಬ ಸಣ್ಣ ಊರು ಇಂದು ತನ್ನದೇ ರಂಗಮಂದಿರ ಮತ್ತು ತಂಡಗಳಿಂದ ಹೆಸರಾಗಿದೆ. ಕಾಲೇಜಿನ ರಂಗಕ್ಕಂತೂ ಸಿನೆಮಾ ಪೈಪೋಟಿಯಾಗಿಯೇ ಇರಲಿಲ್ಲ, ಏಕೆಂದರೆ ಅದು ಟಿಕೀಟಿನ ಮೇಲೆ ಬದುಕಿದ್ದಲ್ಲ.

ಧಾರವಾಡದಲ್ಲಿ ಈಗ ನಾಟಕ ನೋಡಲು ಎಲ್ಲಿಗೆ ಹೋಗಬೇಕು?

ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರ, ಕಲಾಭವನ, ರಂಗಾಯಣ ಮತ್ತು 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಭವನ. ಹುಬ್ಬಳ್ಳಿಯಲ್ಲಾದರೆ ದೇಶಪಾಂಡೆ ನಗರದ ಸವಾಯಿ ಗಂಧರ್ವ ಸಭಾಗೃಹ.

ಮನೆಯಲ್ಲಿ ಹಳೆಯ ನಾಟಕದ ಹಸ್ತಪತ್ರಿಕೆ ಅಥವಾ ಟಿಕೀಟು ಸಿಕ್ಕಿದೆ, ಇಸವಿ ಇಲ್ಲ. ಅದರ ಕಾಲವನ್ನು ಹೇಗೆ ತಿಳಿಯುವುದು?

ಮೊದಲು ದರವನ್ನು ನೋಡಬೇಕು. ದರ ಆಣೆಗಳಲ್ಲಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ ಆ ದಿನದಿಂದ 1964ರ ನಡುವಿನದು. ಬರೀ ‘ಪೈಸೆ’ ಎಂದಿದ್ದರೆ ಅದರ ನಂತರದ್ದು. ಆಮೇಲೆ ಮುದ್ರೆ: ಶುಲ್ಕದ ಮುದ್ರೆಯಲ್ಲಿ ಮುಂಬಯಿ ಸರಕಾರದ ಹೆಸರಿದ್ದರೆ ಏಕೀಕರಣಕ್ಕೆ ಮೊದಲು. ‘ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆ’ ಎಂಬ ಮಾತು ಎಲ್ಲಾದರೂ ಇದ್ದರೆ 1962ಕ್ಕಿಂತ ಹಿಂದೆ ಹೋಗುವಂತಿಲ್ಲ. ವಾರ ಮತ್ತು ತಾರೀಖು ಇದ್ದು ಇಸವಿ ಇಲ್ಲದಿದ್ದರೆ, ಆ ತಾರೀಖಿಗೆ ಆ ವಾರ ಬೀಳುವ ವರ್ಷಗಳನ್ನು ಪಂಚಾಂಗದಿಂದ ತೆಗೆದು, ಮೇಲಿನ ಗುರುತುಗಳೊಂದಿಗೆ ತಾಳೆ ನೋಡಿದರೆ ಸಾಮಾನ್ಯವಾಗಿ ಒಂದೋ ಎರಡೋ ವರ್ಷಗಳು ಉಳಿಯುತ್ತವೆ. ಆ ಎರಡರಲ್ಲಿ ಯಾವುದು ಎಂಬುದಕ್ಕೆ ಆ ವಾರದ ‘ಸಂಯುಕ್ತ ಕರ್ನಾಟಕ’ದ ಜಾಹೀರಾತಿನ ಪುಟವನ್ನು ತೆಗೆದು ನೋಡಬೇಕು. ಪ್ರಶ್ನೆ ಕಟ್ಟಡದ್ದಾಗಿದ್ದರೆ ಸಿಟಿ ಸರ್ವೆ ಕಚೇರಿಯ ಉತಾರ, ಅಂದರೆ ಆಸ್ತಿಯ ದಾಖಲೆಯ ಪ್ರತಿ, ತೆಗೆಸಬೇಕು. ಅದರಲ್ಲಿ ಮಾಲಕರ ಹೆಸರು ಬದಲಾದ ವರ್ಷಗಳು ಸಿಗುತ್ತವೆ. ಟಿಕೀಟನ್ನು ಮಾತ್ರ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿರಿ: ಬಿಸಿಗೆ ಹಳೆಯ ಕಾಗದ ಕಂದುತ್ತದೆ, ಮುದ್ರೆಯ ಶಾಯಿಯೂ ಹರಡೀತು.